ಅತ್ತೆ ಲುಸಾಕಾ ಮುಟ್ಟುವವರೆಗೆ

ನಮ್ಮ ಮನೆಯಲ್ಲಿ ಪೊರಕೆ ಹಿಡಿಯಬೇಕಾದರೆ ಅಪ್ಪನ ಅಪ್ಪಣೆ ಬೇಕಾಗುತ್ತಿತ್ತು. ದಿನಾ ಅಲ್ಲ, ಮನೆಯಿಂದ ಯಾರಾದರೂ ಪರವೂರಿಗೆ ಹೊರಟ ದಿನ ಮಾತ್ರ. ಊರಿಗೆ ಹೊರಟವರ ಹಿಂದೆಯೇ ಕಸ ಗುಡಿಸಬಾರದು, ಅವರು ಹೋಗಿ ಮುಟ್ಟುವವರೆಗೆ ಕಾಯಬೇಕು ಎನ್ನುವುದು ಆಗ ಎಷ್ಟೋ ಮನೆಗಳಲ್ಲಿದ್ದ ಪದ್ಧತಿ. ಬೇರೆಯವರು ಅರ್ಧ ಗಂಟೆ ಕಾದು, ದೇವರ ಮೇಲೆ ಭಾರ ಹಾಕಿ ಗುಡಿಸಿಬಿಡುತ್ತಿದ್ದರು. ನಮ್ಮಲ್ಲಿ ಹಾಗೆ ನಡೆಯುತ್ತಿರಲಿಲ್ಲ. ಏಕೆಂದರೆ ಅಪ್ಪ ಕೆಲಸ ಮಾಡುತ್ತಿದ್ದದ್ದು ಬಸ್ಸುಗಳ ವೇಳಾಪಟ್ಟಿ ಹಾಕುವ ಕಚೇರಿಯಲ್ಲಿ. ಯಾವ ಬಸ್ಸು ಎಷ್ಟು ಹೊತ್ತಿಗೆ ಹಾಸನ ಸೇರುತ್ತದೆ, ಕುಣಿಗಲ್ಲಿನಲ್ಲಿ ಡ್ರೈವರು ಕಾಫಿಗೆಂದು ಎಷ್ಟು ಹೊತ್ತು ನಿಲ್ಲಿಸುತ್ತಾನೆ, ಎಲ್ಲ ಅವರ ನಾಲಿಗೆಯ ತುದಿಯಲ್ಲಿತ್ತು. ಅಜ್ಜಿ ಪೊರಕೆಯನ್ನು ಬಾಗಿಲ ಮೂಲೆಗೆ ನಿಲ್ಲಿಸಿಕೊಂಡು, “ಮುಟ್ಟಿದ್ರೇನೋ?” ಎಂದು ಕೇಳುವರು. ಅಪ್ಪ ಗೋಡೆಯ ಗಡಿಯಾರ ನೋಡಿ, “ಈಗ ಸ್ಟ್ಯಾಂಡ್ ಕಡೆ ತಿರುಗ್ತಾ ಇದೆ, ಇನ್ನೊಂಚೂರು ತಡಿಯಮ್ಮ” ಎನ್ನುವರು. ಆ ಒಂಚೂರನ್ನೂ ಅಜ್ಜಿ ಕಾಯುತ್ತಿದ್ದರು.

ನನಗೋ ಇದನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಎಂಬತ್ತರ ದಶಕದ ಶುರು, ನಾನು ಜಯನಗರದಲ್ಲಿ ಪಿಯುಸಿ ಓದುತ್ತಿದ್ದೆ, ಅದೂ ಸೈನ್ಸು. ಎರಡು ಪುಸ್ತಕ ಓದಿದವರಿಗಿರುವ ಸೊಕ್ಕು ಇಪ್ಪತ್ತು ಪುಸ್ತಕ ಓದಿದವರಿಗೆ ಇರುವುದಿಲ್ಲ. ಆದರೂ ಅಜ್ಜಿಯ ಎದುರು ನಾನು ಬಾಯಿ ಬಿಡುತ್ತಿರಲಿಲ್ಲ. ಅದಕ್ಕೆ ಕಾರಣ ನಮ್ಮ ಮಾವ.

ಮಾವ ಎಂದರೆ ಅತ್ತೆಯ ಗಂಡ. ಅತ್ತೆ, ಅಪ್ಪನ ಒಬ್ಬಳೇ ತಂಗಿ, ತಿಲಕ್ ನಗರದ ಒಂದು ಹೈಸ್ಕೂಲಿನಲ್ಲಿ ಲೆಕ್ಕದ ಟೀಚರಾಗಿದ್ದರು. ನಾನಿನ್ನೂ ಪ್ರೈಮರಿಯಲ್ಲಿದ್ದಾಗ ಒಂದು ಶುಕ್ರವಾರ ಮಾವ ಯಡಿಯೂರಿನ ನಮ್ಮ ಮನೆಯಲ್ಲಿ ತಿಂಡಿ ತಿಂದು ಸ್ಕೂಟರಿನಲ್ಲಿ ತುಮಕೂರಿಗೆ ಹೊರಟರು. ಅವತ್ತು ಸಂಜೆ ಅರಿಶಿನ ಕುಂಕುಮಕ್ಕೆಂದು ಬೀದಿಯ ಹೆಂಗಸರನ್ನೆಲ್ಲ ಕರೆದಿತ್ತು. ಕೆಲಸ ಬೆಟ್ಟದಷ್ಟಿತ್ತು. ಅಪ್ಪ ಆಫೀಸಿಗೆ ಹೋಗಿಯಾಗಿತ್ತು, ಸ್ಕೂಟರಿಗೆ ವೇಳಾಪಟ್ಟಿಯೂ ಇರಲಿಲ್ಲ. ಅಜ್ಜಿ ಸ್ವಲ್ಪ ಹೊತ್ತು ಕಾದರು, ಆಮೇಲೆ ಗುಡಿಸಿಬಿಟ್ಟರು. ಮಾವ ತುಮಕೂರು ಮುಟ್ಟಲಿಲ್ಲ. ದಾಬಸ್‌ಪೇಟೆ ದಾಟುವ ಮೊದಲೇ ಒಂದು ಲಾರಿ ಅವರನ್ನು ಮುಗಿಸಿತ್ತು.

ಅಜ್ಜಿ ಗುಡಿಸಿದ್ದರಿಂದಲೇ ಹೀಗಾಯಿತು ಎಂದು ಮನೆಯಲ್ಲಿ ಯಾರೂ ಅನ್ನಲಿಲ್ಲ. ಅತ್ತೆಯಂತೂ ಒಂದು ದಿನವೂ ಅನ್ನಲಿಲ್ಲ. ಆದರೆ ಅಜ್ಜಿ ತಮಗೆ ತಾವೇ ಅಂದುಕೊಂಡಿದ್ದರು ಎನ್ನುವುದು ನಮಗೆಲ್ಲ ಗೊತ್ತಿತ್ತು. ಅಲ್ಲಿಯವರೆಗೆ ಎಲ್ಲರ ಹಾಗೆ ಸಡಿಲವಾಗಿದ್ದ ಪದ್ಧತಿ ಅಂದಿನಿಂದ ಕಲ್ಲಿನಲ್ಲಿ ಕೊರೆದ ಕಟ್ಟಳೆಯಾಯಿತು. ಅಪ್ಪ ನಿಜಕ್ಕೂ ದೇವರು ದಿಂಡರು ಎನ್ನುವ ಮನುಷ್ಯನಲ್ಲ. ಆದರೂ ಪ್ರತಿ ಸಲ ಗಡಿಯಾರ ನೋಡಿ ಹೊತ್ತು ಹೇಳುತ್ತಿದ್ದರು. ಅದು ತಾಯಿಗೆ ಮಾಡುವ ಔಷಧೋಪಚಾರ ಎಂದು ನನಗೆ ತಿಳಿದದ್ದು ಬಹಳ ತಡವಾಗಿ.

ಹೀಗಿರುವಾಗ ಅತ್ತೆಗೆ ಜಾಂಬಿಯಾದ ಲುಸಾಕಾದಲ್ಲಿ ಟೀಚರ್ ಕೆಲಸ ಸಿಕ್ಕಿತು. ಆಗ ಆಫ್ರಿಕಾದ ದೇಶಗಳಿಗೆ ನಮ್ಮ ಕಡೆಯ ಮೇಷ್ಟರುಗಳು ಹೋಗುವುದು ಹೊಸದೇನಲ್ಲ. ಆದರೆ ಹೆಂಗಸೊಬ್ಬಳು, ಅದೂ ಒಬ್ಬಳೇ ಹೋಗುವುದೆಂದರೆ ನಮ್ಮ ಬೀದಿಗೆ ಒಂದು ತಿಂಗಳ ಮಾತಿಗೆ ಸಾಕಾಗುವಷ್ಟು ಸುದ್ದಿ. ಅತ್ತೆ ಯಾಕೆ ಹೊರಟರು ಎಂದು ನನಗೆ ಗೊತ್ತಿತ್ತು. ಮಾರ್ಕೆಟ್ಟಿಗೆ ಹೋದರೂ, ಮದುವೆಮನೆಗೆ ಹೋದರೂ ಜನ ಅವರ ಬೋಳು ಹಣೆ ನೋಡಿ “ಪಾಪ” ಎನ್ನುತ್ತಿದ್ದರು. “ಅಲ್ಲಿ ನಾನು ಬರೀ ಲೆಕ್ಕದ ಮೇಡಂ ಕಣೆ, ಪಾಪ ಅಲ್ಲ,” ಎಂದು ಅವರು ಒಮ್ಮೆ ನನ್ನ ಹತ್ತಿರ ಅಂದಿದ್ದರು.

ಅಜ್ಜಿ ಬೇಡ ಎನ್ನಲಿಲ್ಲ. ಸಂಬಳ ಎಷ್ಟು, ಊಟಕ್ಕೇನು ಎಂದೂ ಕೇಳಲಿಲ್ಲ. ಕೇಳಿದ್ದು ಒಂದೇ ಮಾತು, ಅದೂ ಅಪ್ಪನನ್ನು. “ಎಷ್ಟು ಹೊತ್ತಿಗೆ ಮುಟ್ತಾಳೆ?”

ಅಪ್ಪನ ಉತ್ಸಾಹ ನೋಡಬೇಕಿತ್ತು. ಜೀವಮಾನವೆಲ್ಲ ಮಾಗಡಿ, ಮಳವಳ್ಳಿ ಎಂದು ಕಾಗದದ ಮೇಲೆ ಬಸ್ಸು ಓಡಿಸಿದವರ ಕೈಗೆ ಈಗ ಒಂದು ವಿಮಾನ ಸಿಕ್ಕಿತ್ತು. ಅವೆನ್ಯೂ ರೋಡಿನಲ್ಲಿ ಹಳೆಯದೊಂದು ಗ್ಲೋಬು ಕೊಂಡು ತಂದರು. ಅಜ್ಜಿ ಹೂ ಕಟ್ಟುವ ದಾರವನ್ನು ಬೆಂಗಳೂರಿನಿಂದ ಬೊಂಬಾಯಿಗೆ, ಬೊಂಬಾಯಿಯಿಂದ ಸಮುದ್ರದ ಮೇಲೆ ಲುಸಾಕಾಕ್ಕೆ ಹಿಡಿದು ಅಳೆದರು. ದಾರವನ್ನು ಸ್ಕೇಲಿನ ಮೇಲೆ ಇಟ್ಟು ಮೈಲಿ ಲೆಕ್ಕ ಹಾಕಿದರು. ಅಜ್ಜಿ ಮಗ್ಗುಲಲ್ಲಿ ಕೂತು ಆ ದಾರವನ್ನೇ ನೋಡುತ್ತಿದ್ದರು. “ಇಷ್ಟೇನಾ? ಒಂದು ಮೊಳ ಹೂವೂ ಆಗಲ್ವಲ್ಲೋ,” ಎಂದರು. ಅಪ್ಪ ಟಿಕೆಟ್ ನೋಡಿ ಹೊತ್ತು ಹೇಳಿದರು. ಸಂಜೆ ಇಲ್ಲಿಂದ ಬೊಂಬಾಯಿ. ರಾತ್ರಿ ಅಲ್ಲೇ ಕಾಯುವುದು. ಬೆಳಿಗ್ಗೆ ಐದೂವರೆಗೆ ಬೊಂಬಾಯಿ ಬಿಟ್ಟರೆ ಹತ್ತಕ್ಕೆ ಲುಸಾಕಾ.

“ನಾಲ್ಕೂವರೆ ಗಂಟೆ!” ಎಂದು ಅಪ್ಪ ತೊಡೆ ತಟ್ಟಿದರು. “ನಮ್ಮ ನಂಜನಗೂಡು ಬಸ್ಸು ಇದಕ್ಕಿಂತ ನಿಧಾನ ಕಣಮ್ಮ. ವಿಮಾನ ಅಂದ್ರೆ ಸುಮ್ನೇನಾ?”

ಅಜ್ಜಿಗೆ ಸಮಾಧಾನವಾಯಿತು. ನಂಜನಗೂಡು ಅವರಿಗೆ ಗೊತ್ತಿದ್ದ ದೂರ.

ಅತ್ತೆ ಹೊರಟದ್ದು ಒಂದು ಶನಿವಾರ. ಆಗಿನ ಏರ್‌ಪೋರ್ಟು ಊರಿನ ಆ ತುದಿಯಲ್ಲಿ, ಹಲಸೂರಿನ ಆಚೆ ಎಲ್ಲೋ. ಯಡಿಯೂರಿನಿಂದ ಅಲ್ಲಿಗೆ ಹೋಗುವುದೇ ನಮಗೆ ಅರ್ಧ ವಿದೇಶ. ಒಂದು ಅಂಬಾಸಿಡರ್ ಟ್ಯಾಕ್ಸಿ ಹೇಳಿದ್ದರು. ಅಪ್ಪ ಮತ್ತು ನಾನು ಜೊತೆಗೆ ಹೋದೆವು. ಅಜ್ಜಿ ಗೇಟಿನವರೆಗೆ ಬಂದು, ಅತ್ತೆಯ ಕೈಗೆ ಚಟ್ನಿಪುಡಿಯ ಡಬ್ಬಿ ಕೊಟ್ಟು, “ಇಳಿದ ತಕ್ಷಣ ತಂತಿ ಕೊಡು” ಎಂದಷ್ಟೇ ಹೇಳಿದರು. ಅತ್ತೆ ಕಾಲಿಗೆ ಬಿದ್ದಾಗ ಅವರ ತಲೆಯ ಮೇಲೆ ಕೈಯಿಟ್ಟು ಎಷ್ಟು ಹೊತ್ತಾದರೂ ಎತ್ತಲಿಲ್ಲ. ಟ್ಯಾಕ್ಸಿಯವನೇ ಹಾರ್ನ್ ಹೊಡೆದ.

ಮಾರನೇ ದಿನ ಭಾನುವಾರ. ಹಿಂದಿನ ಸಂಜೆಯಿಂದ ಕಸ ಗುಡಿಸಿರಲಿಲ್ಲ. ಅತ್ತೆಯ ಪೆಟ್ಟಿಗೆ ಕಟ್ಟಿದ ಹಗ್ಗದ ಚೂರು, ಹಳೇ ಪೇಪರು, ಬೀಳ್ಕೊಡಲು ಬಂದವರ ಚಪ್ಪಲಿ ಧೂಳು ಎಲ್ಲ ನಡುಮನೆಯ ಕೆಂಪು ನೆಲದ ಮೇಲೆ ಹಾಗೇ ಇತ್ತು. ಅಪ್ಪ ಸ್ನಾನ ಮುಗಿಸಿ ಗಡಿಯಾರದ ಕೆಳಗೆ ಕುರ್ಚಿ ಹಾಕಿಕೊಂಡು ಕೂತರು. ಅಜ್ಜಿ ಪೊರಕೆ ಹಿಡಿದು ಬಾಗಿಲಲ್ಲಿ ನಿಂತರು. ಗಡಿಯಾರ ಹತ್ತು ಹೊಡೆಯಿತು.

“ಇಳಿದ್ಳಮ್ಮ,” ಎಂದರು ಅಪ್ಪ.

“ತಡ ಆಗಿದ್ರೆ?”

“ಬಸ್ಸಾದ್ರೆ ಟೈರು ಪಂಕ್ಚರ್ ಆಗುತ್ತೆ, ರೈಲ್ವೆ ಗೇಟ್ ಹಾಕಿರ್ತಾರೆ. ಆಕಾಶದಲ್ಲಿ ಯಾವ ಗೇಟು? ಗುಡಿಸು ನೀನು.”

ಅಜ್ಜಿ ಗುಡಿಸಿದರು. ಅಮ್ಮ ಮಾಡುತ್ತೇನೆಂದರೂ ಕೊಡಲಿಲ್ಲ. ನಡುಮನೆ, ಕೋಣೆ, ಜಗುಲಿ ಎಲ್ಲ ಗುಡಿಸಿ, ಕಸವನ್ನು ಮೊರದಲ್ಲಿ ತುಂಬಿ ಹಿತ್ತಲ ತೆಂಗಿನಮರದ ಬುಡಕ್ಕೆ ಹಾಕಿ ಬಂದು, ಒಂದು ಲೋಟ ಕಾಫಿ ಕೇಳಿ ಕುಡಿದರು. ಅಷ್ಟು ಹಗುರವಾಗಿ ಅವರು ಕೂತದ್ದನ್ನು ನಾನು ಎಷ್ಟೋ ವರ್ಷಗಳಿಂದ ನೋಡಿರಲಿಲ್ಲ.

ಹನ್ನೆರಡೂವರೆಗೆ ಊಟಕ್ಕೆ ಕೂತೆವು. ಅಮ್ಮ ಬಡಿಸುತ್ತಿದ್ದಳು. ಅಮ್ಮನಿಗೆ ಗ್ಲೋಬಿನ ವಿಷಯದಲ್ಲಿ ಆಸಕ್ತಿ ಇರಲಿಲ್ಲ. ಆದರೆ ಅಪ್ಪನ ಕ್ರಿಕೆಟ್ ಕಾಮೆಂಟ್ರಿಯ ಕಾಟ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಸಾರು ಬಡಿಸುತ್ತ, ಸುಮ್ಮನೆ ಮಾತಿಗೆಂಬಂತೆ ಕೇಳಿದಳು. “ರೀ, ಆಸ್ಟ್ರೇಲಿಯಾದಲ್ಲಿ ಮ್ಯಾಚ್ ಇದ್ರೆ ನೀವು ಕೋಳಿ ಕೂಗೋಕ್ ಮುಂಚೆನೇ ರೇಡಿಯೋ ಹಾಕ್ತೀರಿ. ಇಂಗ್ಲೆಂಡಾದ್ರೆ ಸಾಯಂಕಾಲ ಪೂರ್ತಿ ಹಾಕ್ತೀರಿ. ಈ ಆಫ್ರಿಕಾದಲ್ಲಿ ಹತ್ತು ಗಂಟೆ ಅಂದ್ರೆ ನಮ್ಮ ಹತ್ತೇನಾ?”

ಅಪ್ಪನ ಕೈ ತುತ್ತಿನ ಸಮೇತ ಅಲ್ಲೇ ನಿಂತಿತು.

ಬಸ್ಸಿನ ವೇಳಾಪಟ್ಟಿಯಲ್ಲಿ ಹೊರಡುವ ಊರಿಗೂ ಸೇರುವ ಊರಿಗೂ ಒಂದೇ ಗಡಿಯಾರ. ಮೂವತ್ತು ವರ್ಷ ಅದನ್ನೇ ಕಳೆದು ಕೂಡಿಸಿದವರಿಗೆ ಬೇರೆ ಗಡಿಯಾರವೊಂದು ಇರಬಹುದೆಂಬುದು ತಲೆಗೇ ಬಂದಿರಲಿಲ್ಲ. ನನಗಾದರೂ ಬರಬೇಕಿತ್ತು, ಬರಲಿಲ್ಲ. ನಾನು ಎಂಜಲು ಕೈಯಲ್ಲೇ ಎದ್ದು ಗ್ಲೋಬು ನೋಡಿ ರೇಖಾಂಶ ಲೆಕ್ಕ ಹಾಕಿದೆ. ಲುಸಾಕಾದ ಗಡಿಯಾರ ನಮಗಿಂತ ಮೂರೂವರೆ ಗಂಟೆ ಹಿಂದೆ. ಅಲ್ಲಿ ಹತ್ತಾಗುವುದೆಂದರೆ ಇಲ್ಲಿ ಮಧ್ಯಾಹ್ನ ಒಂದೂವರೆ.

“ಹಾಗಾದ್ರೆ ಇನ್ನೂ ಮೇಲೇ ಇದ್ದಾಳೆ,” ಎಂದರು ಅಪ್ಪ ಮೆಲ್ಲಗೆ. ಮೆಲ್ಲಗೆ ಹೇಳಿದರೂ ಅಜ್ಜಿಗೆ ಕೇಳಿಸಿತು.

ಅಜ್ಜಿ ಎಲೆ ಬಿಟ್ಟು ಎದ್ದರು. ಹಿತ್ತಲಿಗೆ ಹೋದರು. ನಾನು ಹಿಂದೆಯೇ ಹೋದೆ. ತೆಂಗಿನಮರದ ಬುಡದಲ್ಲಿ ಕುಕ್ಕರುಗಾಲಿನಲ್ಲಿ ಕೂತು, ಬೆಳಿಗ್ಗೆ ಹಾಕಿದ್ದ ಕಸವನ್ನು ಎರಡೂ ಕೈಯಿಂದ ಬಾಚಿ ಮೊರಕ್ಕೆ ತುಂಬುತ್ತಿದ್ದರು. ಹಗ್ಗದ ಚೂರು, ಪೇಪರಿನ ಚೂರು, ಒಣಗಿದ ತೆಂಗಿನ ಗರಿ, ಯಾವುದು ಮನೆಯದು ಯಾವುದು ಮರದ್ದು ಎಂದೂ ನೋಡಲಿಲ್ಲ. ಮೊರ ತುಂಬಿಕೊಂಡು ಬಂದು ನಡುಮನೆಗೆ ಸುರಿದು, ಕೈಯಿಂದ ಹರಡಿದರು. ನನ್ನ ಸೈನ್ಸು ಅವತ್ತು ಎಲ್ಲಿ ಹೋಗಿತ್ತೋ. ನಾನೂ ಬಗ್ಗಿ ಎರಡು ಹಿಡಿ ಧೂಳು ಹರಡಿದೆ.

ಒಂದೂವರೆ ಆಯಿತು. ಈಗ ಅಪ್ಪ “ಇಳಿದ್ಳು” ಎನ್ನಲಿಲ್ಲ. ಹೇಳಿದರೂ ಯಾರು ನಂಬುತ್ತಿದ್ದರು? ತಂತಿ ಬರುವವರೆಗೆ ಪೊರಕೆ ಮುಟ್ಟಕೂಡದು ಎಂದರು ಅಜ್ಜಿ.

ತಂತಿ ಸೋಮವಾರ ಬರಲಿಲ್ಲ, ಮಂಗಳವಾರವೂ ಬರಲಿಲ್ಲ. ಮನೆಯಲ್ಲಿ ಫೋನಿರಲಿಲ್ಲ. ಅಪ್ಪ ದಿನಾ ಬೆಳಿಗ್ಗೆ ಪೇಪರನ್ನು ಗೇಟಿನ ಹತ್ತಿರವೇ ನಿಂತು ಬಿಡಿಸಿ ನೋಡಿ, ಆಮೇಲೆ ಒಳಗೆ ತರುತ್ತಿದ್ದರು. ಏನು ಹುಡುಕುತ್ತಿದ್ದಾರೆಂದು ಎಲ್ಲರಿಗೂ ಗೊತ್ತಿತ್ತು, ಯಾರೂ ಕೇಳುತ್ತಿರಲಿಲ್ಲ. ನಡುಮನೆಯ ಧೂಳಿನಲ್ಲಿ ನಮ್ಮೆಲ್ಲರ ಹೆಜ್ಜೆ ಮೂಡಿ ಕಾಲುದಾರಿಗಳೇ ಆದವು. ಅಡಿಗೆಮನೆಯನ್ನು ಮಾತ್ರ ಅಮ್ಮ ಕದ್ದು ಒರೆಸುತ್ತಿದ್ದಳು. “ಇದು ನನ್ನ ದೇಶ, ಇಲ್ಲಿ ನನ್ನದೇ ಟೈಮು,” ಎಂದು ನನ್ನ ಕಿವಿಯಲ್ಲಿ ಹೇಳಿದಳು. ಪಕ್ಕದ ಮನೆಯಾಕೆ ಕರಿಬೇವಿಗೆಂದು ಬಂದು ನೆಲ ನೋಡಿ ಹುಬ್ಬೇರಿಸಿದಾಗ, “ಸುಣ್ಣ ಹೊಡೆಸ್ತಾ ಇದೀವಿ ಕಣ್ರೀ” ಎಂದಳು ಅಮ್ಮ. ಆಕೆ ಗೋಡೆ ನೋಡಿದರು, ಬ್ರಷ್ಷೂ ಇಲ್ಲ ಬಕೆಟ್ಟೂ ಇಲ್ಲ. ಸುಮ್ಮನೆ ಕರಿಬೇವು ತೆಗೆದುಕೊಂಡು ಹೋದರು.

ಅಜ್ಜಿ ಊಟವನ್ನೇ ಬಿಟ್ಟಂತಿದ್ದರು. ಎರಡು ತುತ್ತು ಮಜ್ಜಿಗೆ ಅನ್ನ, ಅಷ್ಟೇ. ಮಗಳು ಕ್ಷೇಮವಾಗಿದ್ದಾಳೋ ಇಲ್ಲವೋ ಎಂಬ ಭಯ ನಮಗೂ ಇತ್ತು. ಆದರೆ ಅವರ ಭಯದೊಳಗೆ ಇನ್ನೊಂದು ಇತ್ತು. ಮೊದಲು ಅಳಿಯ, ಈಗ ಮಗಳು, ಎರಡೂ ನನ್ನ ಕೈಯಿಂದಲೇ ಎಂದು ಅವರು ತೀರ್ಮಾನ ಮಾಡಿಕೊಂಡಂತಿತ್ತು. ಅಪ್ಪ ಒಂದು ಸಂಜೆ ಅವರ ಪಕ್ಕ ಕೂತು, “ತಪ್ಪು ನಂದಮ್ಮ, ಹೊತ್ತು ಹೇಳಿದ್ದು ನಾನು,” ಎಂದರು. ಅಜ್ಜಿ, “ಗುಡಿಸಿದ್ದು ನಾನು ತಾನೆ,” ಎಂದು ಗೋಡೆ ಕಡೆ ತಿರುಗಿ ಮಲಗಿದರು. ಅವರ ಬೆನ್ನು ನೋಡಿ ನನಗೆ ಅಳು ಬಂತು.

ಶುಕ್ರವಾರ ಮಧ್ಯಾಹ್ನ ತಂತಿಯವನು ಸೈಕಲ್ ಬೆಲ್ ಮಾಡಿ, “ಸಾರ್, ಟೆಲಿಗ್ರಾಂ!” ಎಂದ. ಅಪ್ಪ ಅವತ್ತು ಅರ್ಧ ದಿನ ರಜೆ ಹಾಕಿ ಮನೆಯಲ್ಲೇ ಇದ್ದರು. ಗೇಟಿನ ಹತ್ತಿರವೇ ನಿಂತು ಬಿಡಿಸಿದರು. ಕ್ಷೇಮವಾಗಿ ತಲುಪಿದ್ದೇನೆ, ಚಟ್ನಿಪುಡಿಯೂ ತಲುಪಿದೆ ಎಂದು ಇಂಗ್ಲಿಷಿನಲ್ಲಿತ್ತು. ಯಾಕೆ ಇಷ್ಟು ತಡವಾಯಿತೋ ದೇವರೇ ಬಲ್ಲ. ಅಪ್ಪ ಅದನ್ನು ಕನ್ನಡದಲ್ಲಿ ಎರಡು ಸಲ ಓದಿದರು. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ದೇವರ ಮುಂದೆ ದೀಪ ಹಚ್ಚಲು ಓಡಿದಳು.

ಅಜ್ಜಿ ಕೂತಲ್ಲೇ ಕೂತಿದ್ದರು. ಆಮೇಲೆ ಕೇಳಿದರು. “ನಾನು ಗುಡಿಸಿದಾಗ ಅವಳು ಎಲ್ಲಿದ್ಳೋ?”

ಅಪ್ಪನಿಗೆ ತಾಯಿಯನ್ನು ಸಮಾಧಾನ ಮಾಡುವ ಆತುರ. “ಅಯ್ಯೋ, ಇಳಿದಾಗಿತ್ತು ಬಿಡಮ್ಮ. ಗಾಳಿ ಹಿಂದಿನಿಂದ ಬೀಸಿದ್ರೆ ವಿಮಾನ ಬೇಗ ಹೋಗುತ್ತಂತೆ. ನೀನು ಗುಡಿಸೋ ಹೊತ್ತಿಗೆ ನೆಲದ ಮೇಲೇ ಇದ್ಳು.”

ಅಜ್ಜಿಯ ಮುಖ ಅರಳಬೇಕಿತ್ತು. ಬದಲಾಗಿ ಬಾಡಿತು. ಯಾರೋ ಕೈಗೆ ಕೊಟ್ಟದ್ದನ್ನು ಮತ್ತೆ ಕಿತ್ತುಕೊಂಡ ಹಾಗೆ ನೋಡಿದರು. ನನಗೆ ಆ ಗಳಿಗೆಯಲ್ಲಿ ತಿಳಿಯಿತು, ಅಜ್ಜಿಗೆ ಬೇಕಾದ ಉತ್ತರ ಅದಲ್ಲ.

“ಸುಳ್ಳು ಹೇಳಬೇಡಿ ಅಪ್ಪ,” ಎಂದೆ. ಜೋರಾಗಿಯೇ ಅಂದೆ, ನನ್ನ ಬಾಯಿಯೇ ಹಾಗೆ. ಗ್ಲೋಬು ತಂದು ಅಜ್ಜಿಯ ಮಡಿಲ ಹತ್ತಿರ ಇಟ್ಟೆ. ಹೂವಿನ ದಾರ ಇನ್ನೂ ಅದಕ್ಕೆ ಸುತ್ತಿಕೊಂಡೇ ಇತ್ತು. “ಅಜ್ಜಿ, ಇದು ಬೊಂಬಾಯಿ. ಇದು ಲುಸಾಕಾ. ನೀವು ಗುಡಿಸಿದಾಗ ಅತ್ತೆ ಇಲ್ಲಿದ್ರು.” ಅವರ ಬೆರಳನ್ನು ಹಿಡಿದು ದಾರದ ನಡುವೆ, ನೀಲಿ ಬಣ್ಣದ ಮೇಲೆ ಇಟ್ಟೆ.

“ಇದು ಏನು?”

“ಸಮುದ್ರ.”

“ನೆಲ ಇಲ್ವಾ?”

“ಸುತ್ತ ಎಲ್ಲೂ ನೆಲ ಇಲ್ಲ ಅಜ್ಜಿ. ನೀವು ಗುಡಿಸಿ, ಕಸ ಹಾಕಿ, ಕಾಫಿ ಕುಡಿದಾಗಲೂ ಸಮುದ್ರದ ಮೇಲೇ ಇದ್ರು.”

ಅಪ್ಪ ನನ್ನನ್ನು ಸುಡುವ ಹಾಗೆ ನೋಡಿದರು. ಮತ್ತೆ ಅಜ್ಜಿಗೆ, “ಆದ್ರೂ ನೀನು ಕಸ ವಾಪಸ್ ತಂದು ಹಾಕಿದ್ಯಲ್ಲಮ್ಮ. ಅದಕ್ಕೇ ಏನೂ ಆಗ್ಲಿಲ್ಲ ಅಂತ ಇಟ್ಕೋ,” ಎಂದರು.

“ಅವತ್ತೂ ಹಾಕಿದ್ದೆ ಕಣೋ,” ಎಂದರು ಅಜ್ಜಿ.

ಅಪ್ಪನಿಗೆ ಅರ್ಥವಾಗಲಿಲ್ಲ.

“ಅಳಿಯಂದಿರು ಹೋದ ದಿನ. ಗುಡಿಸಿದ್ಮೇಲೆ ಎದೆ ಢವಢವ ಅಂತು, ಬೇಗ ಗುಡಿಸಿಬಿಟ್ನೇನೋ ಅಂತ. ಯಾರೂ ನೋಡದ ಹಾಗೆ ಮೊರದಲ್ಲಿ ತಂದು ಇಲ್ಲೇ ಹಾಕ್ದೆ. ಆದ್ರೂ ಅವರು ಬರ್ಲಿಲ್ಲ.” ಅಜ್ಜಿಯ ಬೆರಳು ಇನ್ನೂ ಸಮುದ್ರದ ಮೇಲೇ ಇತ್ತು. “ಅವತ್ತೂ ಗುಡಿಸ್ದೆ, ವಾಪಸ್ ಹಾಕ್ದೆ. ಈ ಸಲಾನೂ ಅಷ್ಟೇ ಮಾಡ್ದೆ. ಅವರು ಹೋದ್ರು, ಇವಳು ಮುಟ್ಟಿದ್ಳು. ಹಾಗಾದ್ರೆ ಅದು ನನ್ನಿಂದ ಅಲ್ಲ. ಅಲ್ವೇನೋ?”

ಅಪ್ಪ ನೆಲದ ಮೇಲೆ, ಆ ಧೂಳಿನಲ್ಲೇ, ಅಜ್ಜಿಯ ಕಾಲ ಹತ್ತಿರ ಕೂತುಬಿಟ್ಟರು. “ನಿನ್ನಿಂದ ಅಂತ ನಾವು ಯಾವತ್ತಾದ್ರೂ ಅಂದ್ವಾ ಅಮ್ಮ?”

“ಅನ್ಲಿಲ್ಲ,” ಎಂದರು ಅಜ್ಜಿ. “ಅಂದಿದ್ರೆ ಅಲ್ಲ ಅಂತ ಜಗಳ ಆದ್ರೂ ಆಡ್ತಿದ್ದೆ. ಯಾರೂ ಅನ್ಲಿಲ್ಲ, ಯಾರ ಹತ್ರ ಆಡ್ಲಿ?”

ನಾವು ಅಷ್ಟು ವರ್ಷ ತುಟಿ ಬಿಗಿಹಿಡಿದದ್ದು ಅಜ್ಜಿಯ ಮೇಲಿನ ದಯೆಯಿಂದ. ಆ ದಯೆಯೇ ಅವರನ್ನು ಒಂಟಿಯಾಗಿ ಕೂಡಿಹಾಕಿತ್ತು ಎಂದು ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಅವತ್ತು ಅಜ್ಜಿ ಅತ್ತರು. ಅಪ್ಪನೂ ಅತ್ತರು, ಅಪ್ಪ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಸಂಜೆ ಅಮ್ಮ ನಾಲ್ಕು ಮೊರ ಕಸ ಹೊರಗೆ ಹಾಕಿದಳು.

ಎರಡು ವರ್ಷದ ಮೇಲೆ ಅತ್ತೆ ರಜೆಗೆ ಬಂದರು. ಸ್ವಲ್ಪ ದಪ್ಪಗಾಗಿದ್ದರು, ನಗು ದೊಡ್ಡದಾಗಿತ್ತು. ಎಲ್ಲರಿಗೂ ತಾಮ್ರದ ತಟ್ಟೆ ತಂದಿದ್ದರು. ಅಜ್ಜಿಗೂ ಅತ್ತೆಗೂ ಆ ವಿಷಯ ಮಾತಾಯಿತೋ ಇಲ್ಲವೋ ನನಗೆ ಗೊತ್ತಿಲ್ಲ. ಒಂದು ಮಧ್ಯಾಹ್ನ ಇಬ್ಬರೂ ಹಿತ್ತಲ ಮೆಟ್ಟಿಲ ಮೇಲೆ ಬಹಳ ಹೊತ್ತು ಕೂತಿದ್ದರು. ಅವತ್ತು ಸಂಜೆ ಅಜ್ಜಿ ಎಂದಿನಂತೆ ಮಲ್ಲಿಗೆ ಕಟ್ಟಿ, ದೇವರಿಗೊಂದು ತುಂಡು, ಅಮ್ಮನಿಗೊಂದು, ನನಗೊಂದು ಕೊಟ್ಟು, ಉಳಿದದ್ದನ್ನು ತಾವೇ ಅತ್ತೆಯ ಜಡೆಗೆ ಮುಡಿಸಿದರು. ಬೀದಿಯವರು ಏನನ್ನುತ್ತಾರೆ ಎಂದು ಯಾರೂ ಕೇಳಲಿಲ್ಲ. ಅತ್ತೆ ರಜೆ ಮುಗಿಯುವವರೆಗೂ ದಿನಾ ಮುಡಿದರು.

ಮತ್ತೆ ಹೊರಟ ದಿನ ಟ್ಯಾಕ್ಸಿ ಬೀದಿಯ ತಿರುವಿನಲ್ಲಿ ಮರೆಯಾಯಿತು. ಈ ಸಲ ನಾನು ಹೋಗದೆ ಮನೆಯಲ್ಲೇ ಉಳಿದಿದ್ದೆ. ಅಪ್ಪ ಅತ್ತೆಯ ಜೊತೆ ಹೊರಟಾಗ ಎಡಗೈಗೆ ನಮ್ಮ ಹೊತ್ತಿನ ವಾಚು, ಬಲಗೈಗೆ ಲುಸಾಕಾ ಹೊತ್ತಿನ ವಾಚು ಕಟ್ಟಿಕೊಂಡಿದ್ದರು, ಪುಣ್ಯಾತ್ಮ. ನಡುಮನೆಯಲ್ಲಿ ಅತ್ತೆ ಓಡಾಡಿದ ಕಡೆಯೆಲ್ಲ ಜಡೆಯಿಂದ ಉದುರಿದ ಮಲ್ಲಿಗೆ ಬಿದ್ದಿತ್ತು. ಈಗೇನು ಅಡ್ಡಿ ಇಲ್ಲವಲ್ಲ ಎಂದು ಅಮ್ಮ ಧೈರ್ಯವಾಗಿ ಪೊರಕೆ ತಂದಳು.

“ಗುಡಿಸ್ಲಾ ಅಮ್ಮ?” ಎಂದು ಅಜ್ಜಿಯನ್ನು ಕೇಳಿದಳು.

ಅಜ್ಜಿ ನೆಲ ನೋಡಿದರು. “ಗುಡಿಸಿದ್ರೆ ಏನೂ ಆಗಲ್ಲ, ನನಗೆ ಗೊತ್ತು,” ಎಂದರು. “ಆದ್ರೂ ಸಾಯಂಕಾಲದವರೆಗೆ ಹಾಗೇ ಇರ್ಲಿ ಬಿಡೇ. ಈಗ ತಾನೇ ಮಗು ಓಡಾಡ್ಕೊಂಡಿತ್ತು.”

ಅಮ್ಮ ಪೊರಕೆಯನ್ನು ಮೂಲೆಗೆ ಇಟ್ಟು, ಹೂವು ತುಳಿಯದ ಹಾಗೆ ಬದಿಯಲ್ಲಿ ನಡೆದು ಅಡಿಗೆಮನೆಗೆ ಹೋದಳು.